ಜಿಂಕೆಗೆ ಔತಣ ಬಿತ್ತುವ ಆರ್ಲಿಸ್

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನೆಸ್ಸೆಟ್ ದಿಬ್ಬದ ಮೇಲೆ ಮಂಜು ಸೊಂಟದೆತ್ತರಕ್ಕೆ ನಿಂತಿದೆ. ಅದರೊಳಗೆ ಅರ್ಧ ಮುಳುಗಿ ಅರ್ಧ ತೇಲುತ್ತಾ ಹೆಂಗಸೊಬ್ಬರು ನಡೆದು ಬರುತ್ತಿದ್ದಾರೆ. ಎದೆಗೆ ಕ್ಯಾನ್ವಾಸ್ ಚೀಲ, ಚೀಲದ ಕೆಳಗೊಂದು ತಗಡಿನ ತಟ್ಟೆ, ಪಕ್ಕದಲ್ಲಿ ಹಿಡಿ. ಹಿಡಿ ತಿರುಗಿದಂತೆಲ್ಲ ತಟ್ಟೆ ಗಿರ್ರನೆ ಸುತ್ತಿ ಕಾಳನ್ನು ಸುತ್ತಲೂ ಚಿಮ್ಮಿಸುತ್ತದೆ. ದೂರದಿಂದ ನೋಡಿದವರಿಗೆ, ಬೀದಿಯಲ್ಲಿ ಹಿಡಿ ತಿರುಗಿಸಿ ಪೆಟ್ಟಿಗೆ ವಾದ್ಯ ನುಡಿಸುವವರು ಯಾರೋ ದಾರಿ ತಪ್ಪಿ ಹೊಲಕ್ಕೆ ಬಂದು, ಕೇಳುವವರಿಲ್ಲದೆ ನುಡಿಸುತ್ತಿರುವಂತೆ ಕಾಣುತ್ತದೆ. ಸಂಗೀತವೂ ಇದೆ: ಕರ್ರ್... ಕರ್ರ್... ನಡುವೆ ಒಂದು ಸೀನು.

ಕಾಳು ಸಾಸಿವೆಯಷ್ಟೇ ಸಣ್ಣದು, ಸಾಸಿವೆಯ ದಾಯಾದಿಯೇ. ಟರ್ನಿಪ್ ಗೆಡ್ಡೆ, ಉದ್ದ ಮೂಲಂಗಿ, ಕೇಲ್ ಸೊಪ್ಪು, ಎಲ್ಲವೂ ಕೋಸಿನ ಮನೆತನದ ಕೂಸುಗಳು. ಆದರೆ ಇದು ಅಡುಗೆಮನೆಗೆ ಹೋಗುವ ಬೆಳೆಯಲ್ಲ. ನವೆಂಬರಿನಲ್ಲಿ ಬಂದೂಕಿನ ಬೇಟೆ ಶುರುವಾಗುವ ಹೊತ್ತಿಗೆ ಕಾಡಂಚಿನ ಜಿಂಕೆಗಳು ಬಯಲಿಗೆ ಬರಲಿ ಎಂದು ಜುಲೈ ಕೊನೆಯಲ್ಲಿ ಬಿತ್ತುವ ಬೆಳೆ. ಬಿತ್ತುತ್ತಿರುವವರು ಅರವತ್ತೆಂಟರ ಆರ್ಲಿಸ್ ನೆಸ್ಸೆಟ್. ಎಲೆಮರೆಯ ಕಾಯಿ ಎನ್ನೋಣವೆಂದರೆ ಇವರ ಬೆಳೆಯಲ್ಲಿ ಕಾಯಿಯೇ ಇಲ್ಲ. ಎಲೆಯಡಿಯ ಗೆಡ್ಡೆ ಎಂದರೆ ಸರಿಹೋದೀತು.

"ಬೇಗ ನಡೀಬೇಕು, ನಿಧಾನ ತಿರುಗಿಸ್ಬೇಕು" ಎನ್ನುತ್ತಾರೆ ಆರ್ಲಿಸ್, ನಿಲ್ಲದೆ. "ಅದಲು ಬದಲಾದ್ರೆ ಕಾಳು ದಟ್ಟ ಬೀಳುತ್ತೆ. ದಟ್ಟ ಬಿದ್ರೆ ಬರೀ ಎಲೆ. ಗೆಡ್ಡೆ ಬೆರಳಷ್ಟೂ ಆಗಲ್ಲ, ಒಬ್ಬರ ಮೈಮೇಲೆ ಒಬ್ಬರು ಮಲಗಿರೋ ಬಾಡಿಗೆ ಕೋಣೆ ಥರ."

ಪಶ್ಚಿಮದ ಕಣಿವೆಯ ಮೇಲೆ ಮೋಡ ಕಪ್ಪಾಗುತ್ತಿದೆ. ಮಳೆಗೆ ಮುಂಚೆ ಕಾಳು ಬಿದ್ದು, ಅದರ ಮೇಲೆ ಕಬ್ಬಿಣದ ಉರುಳೆ ಒಮ್ಮೆ ಹಾದು, ಮಣ್ಣು ಕಾಳನ್ನು ಒತ್ತಿ ಹಿಡಿಯಬೇಕು. ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದಿಲ್ಲ. ಮೇಲೆಯೇ ಉಳಿದರೆ ಹಕ್ಕಿಗಳಿಗೆ ಬೆಳಗಿನ ತಿಂಡಿ. ಆರ್ಲಿಸ್ ಚೀಲ ಬಿಚ್ಚಿ, ಹಳೆಯ ಕಿತ್ತಳೆ ಬಣ್ಣದ ಟ್ರ್ಯಾಕ್ಟರ್ ಹತ್ತುತ್ತಾರೆ. ಹತ್ತುವಾಗ ಮಂಡಿ ಒಂದು ಸದ್ದು ಮಾಡುತ್ತದೆ, ಬಾಯಿ ಇನ್ನೊಂದು: "ಊಫ್‌ದಾ!" ಈ ಕಣಿವೆಯ ನಾರ್ವೆ ಮೂಲದ ಮನೆಗಳಲ್ಲಿ ನೋವು, ಬೇಸರ, ಅಚ್ಚರಿ, ಹೊಟ್ಟೆ ತುಂಬಿದ ತೃಪ್ತಿ ಎಲ್ಲಕ್ಕೂ ಅದೊಂದೇ ಉದ್ಗಾರ.

ಹೊಲದ ಅಂಚಿಗೆ ಕಾಫಿ ಲೋಟ ಹಿಡಿದು ಕುಂಟುತ್ತಾ ಬರುವವರು ಚೆಟ್ ಗೊರೆಟ್ಸ್ಕಿ, ಈ ದಿಬ್ಬದ ಮಾಲೀಕರು. ಶಿಕಾಗೋದಲ್ಲಿ ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಅಷ್ಟೊಂದು ಏರಿಳಿತ ಕಂಡ ಮೇಲೆ ಒಂದು ಕಡೆ ನಿಲ್ಲೋಣವೆಂದು ವಿಸ್ಕಾನ್ಸಿನ್ನಿನ ಈ ದಿಬ್ಬ ಕೊಂಡರು. ಕೊಂಡಾಗಿನಿಂದ ಪ್ರತಿ ನವೆಂಬರಿನಲ್ಲೂ ಬಂದೂಕು ಹಿಡಿದು ಕೂತಿದ್ದಾರೆ. ಒಂದು ಜಿಂಕೆಯೂ ಸಿಕ್ಕಿಲ್ಲ.

"ಆರ್ಲಿಸ್, ಈ ಸಲನಾದ್ರೂ ತಿಂತಾವಾ?"

"ತಿನ್ನಬೇಕು."

"ಹೋದ ವರ್ಷವೂ ಹಿಂಗೇ ಅಂದ್ರಿ. ಹಿಮ ಬೀಳ್ಲಿ, ಆಮೇಲೆ ನೋಡಿ ಅಂದ್ರಿ. ಹಿಮ ಬಿತ್ತು, ನಾನು ನೋಡ್ದೆ. ಜಿಂಕೆಗಳು ಟರ್ನಿಪ್ ತುಳ್ಕೊಂಡು ಆಚೆ ಹೋದವು. ರಸ್ತೇಲಿ ನೆಂಟರ ಮನೆ ಕಂಡ್ರೂ ಕಾಣದೋರ ಥರ ಹೋಗ್ತಾರಲ್ಲ, ಹಂಗೆ."

ಆರ್ಲಿಸ್ ನಕ್ಕರು. ಚೆಟ್ ನಗಲಿಲ್ಲ. ಲೋಟದ ತಳದ ಕಾಫಿಯನ್ನು ನೆಲಕ್ಕೆ ಚೆಲ್ಲಿ, ಹೇಳಲೆಂದೇ ಬಂದಿದ್ದ ಮಾತು ಹೇಳಿದರು. ಪೈನ್ ಸಸಿ ಮಾರುವವನ ಜೊತೆ ಮಾತಾಡಿದ್ದಾರಂತೆ. ಈ ಬೇಟೆ ಮುಗಿಯುವುದರೊಳಗೆ ದಿಬ್ಬದ ಮೇಲೆ ಏನೂ ಗಿಟ್ಟದಿದ್ದರೆ, ವಸಂತದಲ್ಲಿ ಹೊಲಕ್ಕೆಲ್ಲ ಪೈನ್. ನೆಟ್ಟು ಬಿಟ್ಟರೆ ಆಯಿತು, ಉಳುವ ರಗಳೆ ಇಲ್ಲ, ಕಾಯುವ ರಗಳೆ ಇಲ್ಲ.

"ನಿಮ್ಮ ಮೇಲೆ ಸಿಟ್ಟಲ್ಲ, ಆರ್ಲಿಸ್. ನಂಗೆ ವಯಸ್ಸಾಗ್ತಿದೆ. ಖಾಲಿ ಹೊಲ ನೋಡ್ತಾ ಕೂರೋಕೆ ಎಷ್ಟು ವರ್ಷ ಉಳಿದಿದಾವೆ ಹೇಳಿ."

"ಹಂಗಂತೀರಾ" ಎಂದಷ್ಟೇ ಹೇಳಿ ಆರ್ಲಿಸ್ ಉರುಳೆ ಎಳೆಯಲು ಹೊರಡುತ್ತಾರೆ. ಮೊದಲ ಹನಿ ಟ್ರ್ಯಾಕ್ಟರಿನ ಮೂತಿಯ ಮೇಲೆ ಬೀಳುತ್ತದೆ.

ಊರಿನವರು ಇದನ್ನು ಇವತ್ತಿಗೂ ನೆಸ್ಸೆಟ್ ದಿಬ್ಬ ಎಂದೇ ಕರೆಯುತ್ತಾರೆ, ಚೆಟ್ ಎದುರಿಗೇ. ಆರ್ಲಿಸ್ ಗಂಡನ ಮುತ್ತಾತ ಓಕ್ ಮರದ ಬೊಡ್ಡೆಗಳನ್ನು ಕುದುರೆ ಕಟ್ಟಿ ಎಳೆಸಿ ಬಯಲು ಮಾಡಿದ ನೆಲ ಇದು. ಆರ್ಲಿಸ್ ಸೊಸೆಯಾಗಿ ಬಂದಾಗ ಕೊಟ್ಟಿಗೆಯಲ್ಲಿ ನಲವತ್ತು ಹಸು. ಬೆಳಗ್ಗೆ ನಾಲ್ಕಕ್ಕೆ ಹಾಲು ಕರೆಯುವುದು, ಹಗಲಿಗೆ ಹುಲ್ಲು, ಸಂಜೆ ನಾಲ್ಕಕ್ಕೆ ಮತ್ತೆ ಹಾಲು. "ನಾಲ್ಕು ಗಂಟೆ ಎರಡು ಸಲ ಬರುತ್ತೆ ಅಂತ ನಂಗೆ ಗೊತ್ತಾಗಿದ್ದೇ ಮದುವೆ ಆದ್ಮೇಲೆ" ಎನ್ನುತ್ತಾರೆ. ಸಣ್ಣ ಕೊಟ್ಟಿಗೆಗಳ ಬಾಗಿಲಿಗೆ ಹಾಲಿನ ಲಾರಿ ಬರುವುದು ನಿಂತ ಮೇಲೆ ಹಸುಗಳು ಹೋದವು. ಆಮೇಲೊಂದು ಚಳಿಗಾಲ ಗಂಡ ಗೇಲನ್ ಹೋದರು. ಆಮೇಲೆ ದಿಬ್ಬವೂ ಹೋಯಿತು. ಕೆಳಗಿನ ಮನೆ, ಅದರ ಹಿಂದಿನ ಒಂದಿಷ್ಟು ಓಕ್ ತೋಪು, ಟ್ರ್ಯಾಕ್ಟರ್ ಉಳಿದವು.

ಕೈ ಸುಮ್ಮನಿರಲಿಲ್ಲ. ಬೇಟೆಗೆಂದು ಕಾಡು ಕೊಂಡು, ಕೊಂಡ ಮೇಲೆ ಅದರಲ್ಲಿ ಏನು ಮಾಡುವುದೆಂದು ತೋಚದ ಪಟ್ಟಣದವರು ಸುತ್ತಮುತ್ತ ಬೇಕಾದಷ್ಟಿದ್ದರು. ಒಬ್ಬರು ಒಂದು ಮೂಲೆ ಉತ್ತು ಕೊಡಿ ಎಂದರು, ಇನ್ನೊಬ್ಬರು ಏನಾದರೂ ಹಸಿರು ಹಾಕಿ ಎಂದರು. ಈಗ ಕಣಿವೆಯ ಈ ತುದಿಯಿಂದ ಆ ತುದಿಗೆ ಇಪ್ಪತ್ತಕ್ಕೂ ಹೆಚ್ಚು ತುಂಡು ಹೊಲಗಳಿಗೆ ಆರ್ಲಿಸ್ ಬಿತ್ತುತ್ತಾರೆ. ಏಪ್ರಿಲ್‌ನಲ್ಲಿ ಮಣ್ಣಿನ ಪರೀಕ್ಷೆ, ಮೇ ತಿಂಗಳಲ್ಲಿ ಸುಣ್ಣ, ಜೂನಿನಲ್ಲಿ ಕಳೆ, ಜುಲೈಯಲ್ಲಿ ಬಿತ್ತನೆ. ಆಗಸ್ಟಿನಲ್ಲಿ ಯೂರಿಯಾ ಚೆಲ್ಲಿ ಮಳೆಗಾಗಿ ಆಕಾಶ ನೋಡುವುದು. ಟ್ರ್ಯಾಕ್ಟರ್ ಹತ್ತದ ಇಳಿಜಾರಿನಲ್ಲಿ ಸುಣ್ಣದ ಮೂಟೆ ಹೆಗಲೇರುತ್ತದೆ. ಬಟ್ಟೆಯೊಳಗೆ ರಕ್ತ ಹೀರುವ ಉಣ್ಣೆ ಹುಳಗಳು ಹೊಕ್ಕಿರುತ್ತವೆ. ಒಂದು ಬೇಸಿಗೆ ಉಣ್ಣೆ ಕಚ್ಚಿ ಜ್ವರ ಹಿಡಿದು ಮಲಗಿದ್ದಾಗಲೂ ಫೋನು ಬಿಡಲಿಲ್ಲ. ಫೋನುಗಳನ್ನು ಅಣಕಿಸುವುದರಲ್ಲಿ ಆರ್ಲಿಸ್ ಪಳಗಿದವರು. ಮೂಗು ಹಿಡಿದುಕೊಂಡು, "ಹಲೋ ಆರ್ಲಿಸ್, ನಮ್ಮ ಟರ್ನಿಪ್ ಹೇಗಿದೆ? ನಿಮಗೆ ಜ್ವರವಾ? ಅಯ್ಯೋ ಪಾಪ. ಟರ್ನಿಪ್ ಹೇಗಿದೆ?" ಎಂದು ಹೇಳಿ ತೋರಿಸುತ್ತಾರೆ.

ಊರಿನ ಹೋಟೆಲ್ಲಿನ ಗೋಡೆ ತುಂಬ ಫೋಟೋಗಳಿವೆ. ಪ್ರತಿ ಫೋಟೋದಲ್ಲೂ ಮಂಡಿಯೂರಿ ಕೊಂಬು ಹಿಡಿದ ಒಬ್ಬ ಬೇಟೆಗಾರ, ಅವನ ಹೆಸರು, ವರ್ಷ. ಕೆಳಗೆ, ಜಿಂಕೆಯ ಹೊಟ್ಟೆಯಡಿ, ಮಸುಕಾಗಿ ಒಂದಿಷ್ಟು ಹಸಿರು. ಆ ಹಸಿರೇ ಆರ್ಲಿಸ್. ಅದರ ಹೆಸರನ್ನು ಯಾರೂ ಬರೆದಿಲ್ಲ, ಆರ್ಲಿಸ್ ಕೇಳಿಯೂ ಇಲ್ಲ.

ಹಾಗೆಂದು ಇವರು ಬೇಟೆಯ ವಿರೋಧಿಯೇನಲ್ಲ. ಮನೆ ಹಿಂದಿನ ಓಕ್ ತೋಪಿನಲ್ಲಿ ಮರಕ್ಕೆ ಬೆನ್ನು ಕೊಟ್ಟು ಕೂತು, ವರ್ಷಕ್ಕೊಂದು ಜಿಂಕೆ ಹೊಡೆದು, ಚಳಿಗಾಲವೆಲ್ಲ ಅದನ್ನೇ ಉಣ್ಣುತ್ತಾರೆ. ಆದರೆ ತಾವು ಬಿತ್ತಿದ ಹೊಲದಲ್ಲಿ ಎಂದೂ ಗುಂಡು ಹಾರಿಸಿಲ್ಲ. "ಅದು ತಪ್ಪು ಅಂತಲ್ಲ. ಬೇರೆಯೋರು ಹೊಡೀಲಿ, ಅದಕ್ಕೇ ತಾನೇ ಬಿತ್ತೋದು. ಆದ್ರೆ ಊಟಕ್ಕೆ ಬನ್ನಿ ಅಂತ ಕರೆದವಳು ನಾನು. ಬಡಿಸಿದ ಕೈಲೇ ಬಂದೂಕು ಹಿಡಿಯೋಕೆ ಮನಸ್ಸು ಬರಲ್ಲ" ಎನ್ನುತ್ತಾರೆ. ಇದರಲ್ಲಿ ತರ್ಕ ಕಮ್ಮಿ ಎಂದು ಅವರಿಗೇ ಗೊತ್ತು. ಬೀಜ ಮಾರುವ ಡ್ವೇನ್ ಸ್ಕಾಗೆನ್ ಅದನ್ನು ಪ್ರತಿ ವರ್ಷ ನೆನಪಿಸುತ್ತಾನೆ. ಒಂದೇ ಬೆಂಚಿನಲ್ಲಿ ಕೂತು ಓದಿದವನಾದ್ದರಿಂದ ಅವನಿಗೆ ಬಾಯಿ ಸಡಿಲ. "ಇವಳು ಅಡುಗೆ ಮಾಡ್ತಾಳೆ, ಮದುವೆಗೆ ಬರಲ್ಲ" ಎಂಬುದು ಅವನ ವಾರ್ಷಿಕ ಭಾಷಣ.

ಸೆಪ್ಟೆಂಬರ್ ಹೊತ್ತಿಗೆ ದಿಬ್ಬ ಹಸಿರಾಗುತ್ತದೆ. ಎಲೆಗಳು ಮಂಡಿ ಮುಟ್ಟುತ್ತವೆ, ಗೆಡ್ಡೆಗಳು ನೇರಳೆ ಭುಜ ಹೊರಹಾಕಿ ಕೂರುತ್ತವೆ. ಹೊಲದ ನಡುವೆ ಆರ್ಲಿಸ್ ಒಂದು ತಂತಿ ಬಲೆಯ ಬುಟ್ಟಿ ಬೋರಲು ಹಾಕಿದ್ದಾರೆ. ಬುಟ್ಟಿಯೊಳಗಿನ ಗಿಡಕ್ಕೆ ಜಿಂಕೆಯ ಬಾಯಿ ತಾಗದು. ಒಳಗೆ ಎತ್ತರ, ಹೊರಗೆ ಗಿಡ್ಡ ಎಂದರೆ ಜಿಂಕೆ ಮೇಯುತ್ತಿದೆ ಎಂದರ್ಥ. ಉಳಿದ ಹೊಲಗಳಲ್ಲಿ ಬುಟ್ಟಿಯೊಳಗಿನ ಗಿಡ ಹೊರಗಿನದ್ದಕ್ಕಿಂತ ಎದ್ದು ಕಾಣುತ್ತಿದೆ. ನೆಸ್ಸೆಟ್ ದಿಬ್ಬದಲ್ಲಿ ಒಳಗೂ ಅಷ್ಟೇ, ಹೊರಗೂ ಅಷ್ಟೇ. ಕ್ಷೌರದಂಗಡಿಗೆ ಹೋಗಿ ಕತ್ತರಿಸಿಕೊಳ್ಳದೆ ಬಂದವನ ತಲೆಯಂತೆ.

ಅಕ್ಟೋಬರ್ ಹೋಯಿತು. ಈ ವರ್ಷ ಚಳಿ ಸೋಮಾರಿ. ಎಲೆಯ ಪಿಷ್ಟ ಸಕ್ಕರೆಯಾಗಿ ಜಿಂಕೆಗೆ ರುಚಿಸಬೇಕಾದರೆ ಒಳ್ಳೆಯ ಹಿಮ ಬೇಕು. ನವೆಂಬರ್ ಮೊದಲ ವಾರಕ್ಕೂ ಅಂಗಿ ತೋಳು ಮಡಚುವ ಬಿಸಿಲು. ಚೆಟ್ ಸಿಕ್ಕಾಗಲೆಲ್ಲ ಆಕಾಶ ನೋಡುತ್ತಿದ್ದರು. ಆರ್ಲಿಸ್ ನೆಲ ನೋಡುತ್ತಿದ್ದರು.

"ನಾನು ಒಂದು ವಿಷಯ ಲೆಕ್ಕಕ್ಕೆ ತಗೊಂಡಿರ್ಲಿಲ್ಲ" ಎಂದು ಆರ್ಲಿಸ್ ಈಗ ಒಪ್ಪಿಕೊಳ್ಳುತ್ತಾರೆ. "ಆ ಕಡೆ ಕಣಿವೇಲಿ ವರ್ಷಗಟ್ಟಲೆ ಟರ್ನಿಪ್ ಹಾಕಿದ್ದೀವಿ. ಅಲ್ಲಿನ ಜಿಂಕೆಗಳಿಗೆ ತಾಯಿ ತೋರಿಸಿರ್ತಾಳೆ, ಮರಿ ಕಲ್ತಿರುತ್ತೆ. ಈ ದಿಬ್ಬದ ಜಿಂಕೆ ಹುಟ್ಟಿದಾಗಿಂದ ಓಕ್ ಕಾಯಿ, ಜೋಳ ಕಂಡಿದ್ದೇ ಹೊರ್ತು ಟರ್ನಿಪ್ ಮೂಸಿರ್ಲಿಲ್ಲ. ಇದು ಊಟ ಅಂತ ಅವಕ್ಕೆ ಹೇಳೋರು ಯಾರು? ನಾನು ಹೇಳಿದ್ರೆ ಕೇಳ್ತಾವಾ?"

ಬೇಟೆಯ ಮೊದಲ ಶನಿವಾರಕ್ಕೆ ಇನ್ನು ಕೆಲವೇ ದಿನ ಎನ್ನುವಾಗ ಹಿಮ ಬಂತು. ಬುಧವಾರ ಬೆಳಗ್ಗೆ ಹುಲ್ಲೆಲ್ಲ ಬೆಳ್ಳಿಯ ತಂತಿಯಾಗಿ ಬೂಟಿನಡಿ ಮುರಿಯುತ್ತಿತ್ತು. ಬುಟ್ಟಿ ನೋಡಲು ಆರ್ಲಿಸ್ ದಿಬ್ಬ ಹತ್ತಿದರು. ಬುಟ್ಟಿಯ ತನಕ ಹೋಗುವ ಅಗತ್ಯ ಬೀಳಲಿಲ್ಲ.

ಹೊಲದ ಅಂಚಿನಲ್ಲಿ ಚೆಟ್ ಬೇಟೆಗೆ ಕೂರುವ ಅಟ್ಟಣೆ ಇದೆ. ಮಂಡಿ ಸವೆದವರು ಏಣಿ ಹತ್ತಲಾರದೆ, ಕೈಕಸುಬು ಬಿಡಲಾರದೆ, ರಾಟೆ, ಉಕ್ಕಿನ ಹಗ್ಗ, ಹಳೆಯ ಕುರ್ಚಿ ಸೇರಿಸಿ ಅದಕ್ಕೊಂದು ಲಿಫ್ಟ್ ಕಟ್ಟಿದ್ದಾರೆ. "ಇಡೀ ಕೌಂಟೀಲಿ ಲಿಫ್ಟ್ ಇರೋ ಅಟ್ಟಣೆ ಇದೊಂದೇ. ಜಿಂಕೆ ಬಂದ್ರೆ ಅದೂ ಎರಡನೇ ಮಹಡೀನಾ ಅಂತ ಕೇಳುತ್ತೆ" ಎನ್ನುತ್ತಾನೆ ಡ್ವೇನ್. ಚೆಟ್ ಕೂರಬಲ್ಲ ಜಾಗವೂ ಅದೊಂದೇ.

ಆ ಅಟ್ಟಣೆಯ ಕೆಳಗೆ, ಹಿಮದ ಮೇಲೆ, ಟರ್ನಿಪ್‌ಗಳ ಸಾಲು. ಕಿತ್ತು, ಮಣ್ಣು ತೊಳೆದು, ಎರಡು ಹೋಳು ಮಾಡಿ, ಬಿಳಿ ಮೈ ಮೇಲೆ ಬರುವಂತೆ ಅಚ್ಚುಕಟ್ಟಾಗಿ ಜೋಡಿಸಿದ್ದವು. ಬಾಳೆಲೆಯೊಂದು ಕಮ್ಮಿ, ಅಷ್ಟೇ. ಉಪ್ಪು ಉಪ್ಪಿನಕಾಯಿ ಬಡಿಸುವವರು ಇನ್ನೇನು ಬರುತ್ತಾರೆ ಎನ್ನುವ ಹಾಗೆ.

ಚೆಟ್ ಮನೆಯ ಮೆಟ್ಟಿಲಲ್ಲೇ ಕಾಯುತ್ತಿದ್ದರು. ಮುಖ ಹಬ್ಬದ ಮುಖ.

"ನೋಡಿದ್ರಾ? ಮೊನ್ನೆ ಸಂಜೆ ಇಟ್ಟೆ, ಇವತ್ತು ಬೆಳಗ್ಗೆ ಮತ್ತೆ ಜೋಡಿಸ್ದೆ. ಬಂದವು, ಆರ್ಲಿಸ್! ಮರಕ್ಕೆ ಕಟ್ಟಿರೋ ಕ್ಯಾಮೆರಾದಲ್ಲಿದೆ. ಮೊದ್ಲು ಒಂದು ಮುದುಕಿ ಜಿಂಕೆ ಬಂತು, ಹಿಂಗೆ ಮೂಸ್ತು." ಚೆಟ್ ಕತ್ತು ಚಾಚಿ, ಮೂಗು ಹಿಗ್ಗಿಸಿ, ಅನುಮಾನದಿಂದ ಎರಡು ಹೆಜ್ಜೆ ಹಿಂದಿಟ್ಟು ತೋರಿಸಿದರು. ಸವೆದ ಮಂಡಿಗೂ ಆ ಕ್ಷಣ ಜಿಂಕೆಯ ಕಾಲು ಬಂದಿತ್ತು. "ಆಮೇಲೆ ಕಚ್ತು ನೋಡಿ! ಹಿಂದಿನಿಂದ ಎರಡು ಮರಿ. ಆಮೇಲೆ ಅದರ ನೆಂಟರು ಇಷ್ಟರು."

ಆರ್ಲಿಸ್ ಬಾಯಿಂದ ಹೊರಟಿದ್ದು ಒಂದೇ ಮಾತು: "ಚೆನ್ನಾಗಿ ತೊಳೆದಿದ್ದೀರಿ." ಅಷ್ಟು ಹೇಳಿ ಪಿಕಪ್ ಹತ್ತಿ ಹೊರಟುಬಿಟ್ಟರು.

ಈ ಕೌಂಟಿಯಲ್ಲಿ ಜಿಂಕೆಗೆ ಬೆಳೆ ಬೆಳೆಯಬಹುದು. ನೆಲದಲ್ಲಿ ಬೇರು ಬಿಟ್ಟು ನಿಂತಿರುವುದು ಬೆಳೆ. ಅದನ್ನೇ ಕಿತ್ತು ಗುಡ್ಡೆ ಹಾಕಿದರೆ ಆಮಿಷ. ಚುನಾವಣೆಯಲ್ಲಿ ಹೇಗೋ, ಬೇಟೆಯಲ್ಲಂತೂ ಆಮಿಷಕ್ಕೆ ಇಲ್ಲಿ ಬಿಗಿಯಾದ ನಿಷೇಧವಿದೆ. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಕಾಯಿಲೆಯೊಂದು ಸುತ್ತ ಹಬ್ಬಿದೆ. ಹತ್ತು ಬಾಯಿ ಒಂದೇ ಗುಡ್ಡೆಗೆ ಬಿದ್ದರೆ ಎಂಜಲಿನಲ್ಲಿ ಅದು ದಾಟುತ್ತದೆ. ಗುಡ್ಡೆ ಹಾಕಿದ ಜಾಗವನ್ನು ಚೊಕ್ಕಟ ಮಾಡಿದ ಮೇಲೂ ಬಹಳ ದಿನ ಆ ಹೊಲದಲ್ಲಿ ಬೇಟೆಯಾಡುವಂತಿಲ್ಲ. ಬಂದೂಕಿನ ಬೇಟೆಯ ಕಾಲವೋ ಒಂಬತ್ತೇ ದಿನ. ಅಂದರೆ ಚೆಟ್ ಈ ವರ್ಷ ತಮ್ಮ ಲಿಫ್ಟ್ ಏರುವಂತಿಲ್ಲ. ಜಿಂಕೆ ಸಿಗುವುದಿಲ್ಲ. ಪೈನ್ ಬರುತ್ತದೆ.

ಆರ್ಲಿಸ್ ನೇರ ಹೋಗಿದ್ದು ಡ್ವೇನ್‌ನ ಬೀಜದಂಗಡಿಗೆ. ಅವನು ಮೂಟೆಗಳ ಮೇಲೆ ಕೂತು ಎಲ್ಲ ಕೇಳಿದ. ಕೇಳಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಯಾರ್ಯಾರಿಗೆ ಹೇಳಿದ್ದೀಯ?"

"ನಿಂಗೇ ಮೊದ್ಲು."

"ನಂಗೇ ಕೊನೆ ಮಾಡ್ಕೋ. ಅವ್ನು ಬೇಕೂಂತ ಮಾಡ್ಲಿಲ್ಲ. ಹೋಳುಗಳನ್ನ ನೀನು ಇವತ್ತೇ ಆಯ್ದು ಹೊರಗೆ ಹಾಕು. ಶನಿವಾರ ಅವ್ನು ಹೊಡೀತಾನೆ, ಖುಷಿಯಾಗ್ತಾನೆ, ಪೈನ್ ಮರೀತಾನೆ. ನಿನ್ನ ಹೊಲ ಉಳಿಯುತ್ತೆ."

"ನನ್ನ ಹೊಲ ಅಲ್ಲ ಅದು."

"ಅಲ್ವಾ? ಹಂಗಾದ್ರೆ ಯಾಕೆ ಹಿಂಗೆ ಬೆವರ್ತಿದೀಯ, ಹೊರಗೆ ಹಿಮ ಬಿದ್ದಿರುವಾಗ?"

ಆರ್ಲಿಸ್ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಆ ಬೆಳಗ್ಗೆ ತಮಗೆ ಆಸೆಯಾಗಲಿಲ್ಲ ಎಂದು ಅವರು ಹೇಳುವುದಿಲ್ಲ. "ಆಯ್ತು. ಬಹಳ ಆಯ್ತು. ದಾರಿಯಲ್ಲಿ ಎರಡು ಸಲ ಪಿಕಪ್ ನಿಲ್ಲಿಸ್ದೆ. ಪೈನ್ ಬಂದ್ರೆ ಆ ನೆಲ ಮತ್ತೆ ಹೊಲ ಆಗಲ್ಲ, ನನ್ನ ಕಾಲದಲ್ಲಂತೂ ಆಗಲ್ಲ. ನೇಗಿಲಿಳಿಸಿದಾಗ ಮೇಲೇಳೋ ಆ ವಾಸನೆ ಇದೆಯಲ್ಲ, ಅದು ಹೋಗುತ್ತೆ. ಅದಕ್ಕೆ ಮನಸ್ಸು ತಡೀಲಿಲ್ಲ. ಆದ್ರೆ ಕಾಯಿಲೆಯ ಜಿಂಕೆ ನಾನು ನೋಡಿದೀನಿ. ಜೊಲ್ಲು ಸುರಿಸ್ಕೊಂಡು ರಸ್ತೆ ನಡುವೆ ನಿಂತಿತ್ತು, ಹಾರ್ನ್ ಹೊಡೆದ್ರೂ ಕಿವಿ ಅಲ್ಲಾಡಿಸ್ಲಿಲ್ಲ. ಮುಚ್ಚಿಟ್ರೆ ಚೆಟ್ ಮುಂದಿನ ವರ್ಷವೂ ಗುಡ್ಡೆ ಹಾಕ್ತಾರೆ, ಒಳ್ಳೇದೇ ಮಾಡ್ತಿದೀನಿ ಅಂದ್ಕೊಂಡು."

ಮಧ್ಯಾಹ್ನದೊಳಗೆ ಆರ್ಲಿಸ್ ಮತ್ತೆ ದಿಬ್ಬದಲ್ಲಿದ್ದರು. ಹೇಳಬೇಕಾದ್ದನ್ನು ನಿಂತೇ ಹೇಳಿದರು. ಚೆಟ್ ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಮುಖ ಕೆಂಪಾಯಿತು.

"ಅದೇ ಹೊಲ, ಅದೇ ಗೆಡ್ಡೆ! ಎರಡು ಗೇಣು ಮೇಲೆತ್ತಿದ್ದಕ್ಕೆ ಅಪರಾಧವಾ? ಜೀವಮಾನವಿಡೀ ಮೇಲೆತ್ತೋದೇ ನನ್ನ ಕೆಲಸ, ಆರ್ಲಿಸ್!"

"ಗೊತ್ತು."

"ನಿಮಗೆ ಗೊತ್ತಿದ್ರೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

ಕಣಿವೆಯವರಿಗೆಲ್ಲ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಬೇಕು ಎಂದು ಆರ್ಲಿಸ್‌ಗೆ ಹೊಳೆದಿರಲೇ ಇಲ್ಲ. "ಹೇಳಬೇಕಿತ್ತು. ತಪ್ಪಾಯ್ತು" ಎಂದರು.

ಚೆಟ್ ಅಟ್ಟಣೆಯ ಕಡೆ ನೋಡುತ್ತಾ ನಿಂತರು. "ಹಂಗಾದ್ರೆ ಪೈನೇ ಗಟ್ಟಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆರ್ಲಿಸ್ ಬಕೆಟ್ಟು ತಂದು ಹೋಳುಗಳನ್ನು ಒಂದೊಂದಾಗಿ ಆಯ್ದರು. ಅರ್ಧಕ್ಕರ್ಧ ಹೋಳುಗಳಲ್ಲಿ ಜಿಂಕೆಯ ಕೆಳಹಲ್ಲು ಕೆರೆದ ಗುರುತಿತ್ತು, ಚಮಚದಲ್ಲಿ ಬಗೆದಂತೆ. ಕೊನೆಯ ಹೋಳು ಎತ್ತಿ ತಲೆಯೆತ್ತಿದಾಗ ಹೊಲದೊಳಗೆ, ನೆಲದಲ್ಲೇ ನೆಟ್ಟಗೆ ಕೂತಿದ್ದ ಗೆಡ್ಡೆಗಳ ತಲೆ ಮೇಲೂ ಅದೇ ಗುರುತು ಕಂಡಿತು. ಒಂದಲ್ಲ, ಎರಡಲ್ಲ, ಕಾಡಿನ ಕಡೆಯ ಅಂಚಿನುದ್ದಕ್ಕೂ. ಜಿಂಕೆಗಳಿಗೆ ರುಚಿ ಸಿಕ್ಕಿತ್ತು.

"ಹಿಮ ಬಿದ್ದು ಸಿಹಿಯಾಗಿದ್ದಕ್ಕೋ, ಚೆಟ್ ಹೋಳು ಮಾಡಿ ಕಲಿಸಿದ್ದಕ್ಕೋ, ನಂಗೆ ಇವತ್ತಿಗೂ ಗೊತ್ತಿಲ್ಲ" ಎನ್ನುತ್ತಾರೆ ಆರ್ಲಿಸ್.

ಶನಿವಾರ ಬೆಳಗ್ಗೆ ಕಣಿವೆಯಲ್ಲಿ ಬಂದೂಕುಗಳು ಮಾತಾಡತೊಡಗಿದವು. ಆರ್ಲಿಸ್ ಓಕ್ ತೋಪಿನಲ್ಲಿ ಕೂತಿದ್ದರು, ಮನಸ್ಸು ಕೂತಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಲೆಫ್ಸೆ ಮಾಡಿದರು; ಆಲೂಗಡ್ಡೆಯ ತೆಳು ರೊಟ್ಟಿ, ಮೇಲೆ ಬೆಣ್ಣೆ, ಸಕ್ಕರೆ. ಬಟ್ಟೆಯಲ್ಲಿ ಸುತ್ತಿಕೊಂಡು, ಬೈಸಿಕೊಳ್ಳಲು ತಯಾರಾಗಿ, ಸಂಜೆಗೆ ಚೆಟ್ ಮನೆಯ ಬಾಗಿಲು ಬಡಿದರು.

ಚೆಟ್ ಅಡುಗೆಮನೆಯಲ್ಲಿದ್ದರು. ಬೇಟೆಗೆ ಹೋಗುವಂತಿಲ್ಲದಿದ್ದರೂ ಬೇಟೆಗಾರರ ಕಿತ್ತಳೆ ಜಾಕೆಟ್ ತೊಟ್ಟಿದ್ದರು. ಬಂದೂಕು ಬಾಗಿಲ ಮೂಲೆಗೆ ಒರಗಿತ್ತು. ಇನ್ನೊಂದು ಕುರ್ಚಿ ಕಿಟಕಿಯ ಬಳಿ ಎಳೆದರು. ಅಲ್ಲಿಂದ ದಿಬ್ಬದ ಹೊಲ ಪೂರ್ತಿ ಕಾಣುತ್ತದೆ.

ಬೆಳಕು ಹಳದಿಯಾಗುವ ಹೊತ್ತಿಗೆ ಕಾಡಂಚು ಅಲುಗಿತು. ಮುದುಕಿ ಜಿಂಕೆ ಮೊದಲು, ಹಿಂದೆ ಮರಿಗಳು, ಆಮೇಲೆ ಇನ್ನಷ್ಟು. ಎಲೆಗಳನ್ನು ಸರಸರ ಎಳೆದು, ಮುಂಗಾಲಲ್ಲಿ ಮಣ್ಣು ಕೆರೆದು, ಗೆಡ್ಡೆ ಕಿತ್ತವು. ಒಂದು ಮರಿಯ ಬಾಯಿಗೆ ತನ್ನ ತಲೆಯರ್ಧದಷ್ಟಿದ್ದ ಟರ್ನಿಪ್ ಸಿಕ್ಕಿಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ ಸುತ್ತು ತಿರುಗಿತು.

"ನಮ್ಮ ಮ್ಯಾನೇಜರ್ ಹಿಂಗೇ ಇದ್ದ, ಊಟದ ಹೊತ್ತಲ್ಲಿ ಫೋನ್ ಬಂದ್ರೆ" ಎಂದರು ಚೆಟ್. ಮೂರು ದಿನದಲ್ಲಿ ಅವರು ಆರ್ಲಿಸ್ ಜೊತೆ ಆಡಿದ ಮೊದಲ ಮಾತು.

ಆಗ ಗಂಡು ಬಂತು. ಕಾಡಿನ ನೆರಳಿನಿಂದ ಕೊಂಬು ಮೊದಲು, ಮೈ ಆಮೇಲೆ. ಹೊಲದ ನಟ್ಟನಡುವೆ ಪಕ್ಕೆ ತೋರಿಸಿಕೊಂಡು ನಿಂತು ತಲೆ ತಗ್ಗಿಸಿತು. ಇಷ್ಟು ವರ್ಷ ಕಾದಿದ್ದ ಮನುಷ್ಯನಿಗೆ ಕಿಟಕಿಯ ಗಾಜೊಂದೇ ಅಡ್ಡ.

ಚೆಟ್ ಮೂಲೆಯ ಕಡೆ ನೋಡಿದರು.

"ಇಲ್ಲಿಂದ ಹೊಡೆದ್ರೂ ತಾಗುತ್ತೆ."

"ತಾಗುತ್ತೆ."

"ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲ. ಇಲ್ಲೇ ಕೂತಿದೀನಿ, ಲೆಫ್ಸೆ ಬೇರೆ ಕೈಲಿದೆ."

ಚೆಟ್ ಎದ್ದರು. ಆರ್ಲಿಸ್ ಲೆಫ್ಸೆ ಕೆಳಗಿಟ್ಟರು. ಚೆಟ್ ಬಂದೂಕಿನ ಕಡೆ ಹೋಗಲಿಲ್ಲ. ಕಿಟಕಿಯ ಚಿಲಕ ತೆಗೆದು, ಗಾಜನ್ನು ಸದ್ದಾಗದಂತೆ ಮೇಲೆ ಸರಿಸಿದರು. ಒಳಗೆ ನುಗ್ಗಿದ ತಣ್ಣನೆ ಗಾಳಿಯ ಜೊತೆ ಆ ಸದ್ದೂ ಬಂತು. ಕರುಂ. ಕರುಂ. ಹೊಲ ತುಂಬ ಅಗಿಯುವ ಸದ್ದು. ಕತ್ತಲಾಗಿ ಜಿಂಕೆಗಳು ಬರೀ ಸದ್ದಾಗಿ ಉಳಿಯುವ ತನಕ ಇಬ್ಬರೂ ಕೇಳುತ್ತಾ ಕೂತರು. ಲೆಫ್ಸೆ ಖಾಲಿಯಾಯಿತು. ಪೈನ್ ವಿಷಯ ಚೆಟ್ ಎತ್ತಲಿಲ್ಲ, ಆರ್ಲಿಸ್ ಕೇಳಲಿಲ್ಲ.

ಬೇಟೆಯ ಕಾಲ ಮುಗಿಯಿತು. ಈ ವರ್ಷವೂ ಚೆಟ್‌ಗೆ ಜಿಂಕೆ ಇಲ್ಲ. ಮರುದಿನ ಸೋಮವಾರ ಬೆಳಗ್ಗೆ ಫೋನು: "ನಾಲ್ಕು ಗೂಟ, ಒಂದು ಸುತ್ತಿಗೆ ತಗೊಂಡು ಬನ್ನಿ." ಸಸಿ ನೆಡುವವರಿಗೆ ಗುರುತು ಹಾಕಿಕೊಡಲು ಕರೆದಿದ್ದಾರೆ ಎಂದು ಆರ್ಲಿಸ್‌ಗೆ ಅರ್ಥವಾಯಿತು. ಗೂಟಗಳನ್ನು ಪಿಕಪ್‌ಗೆ ಎಸೆಯುವಾಗ ಬೇಕಾದ್ದಕ್ಕಿಂತ ಜೋರಾಗಿ ಎಸೆದರಂತೆ.

ಚೆಟ್ ಹೊಲದಲ್ಲಿ ನಿಂತಿದ್ದರು. ಸುತ್ತ ಎಲ್ಲವೂ ಮೇಯ್ದು ಬೋಳಾಗಿತ್ತು. ತಂತಿ ಬುಟ್ಟಿಯೊಳಗೆ ಮಾತ್ರ ಒಂದು ಹಸಿರು ಗುಪ್ಪೆ.

"ಪೈನ್ ಬರುತ್ತೆ, ಆರ್ಲಿಸ್. ಸಸಿಗಳಿಗೆ ಹೇಳಾಗಿದೆ. ಆದ್ರೆ ಕೆಳಗಿನ ಇಳಿಜಾರಿಗೆ. ಅಲ್ಲಿ ಹೆಂಗೂ ಮಣ್ಣು ಜಾರ್ತಿದೆ. ಮೇಲಿನ ಸಮತಟ್ಟು ಹೊಲವಾಗೇ ಇರ್ಲಿ. ಎಲ್ಲಿವರೆಗೆ ಅಂತ ನೀವೇ ಗೂಟ ಹೊಡೀರಿ."

ಆರ್ಲಿಸ್ ಬಹಳ ಹೊತ್ತು ಯೋಚಿಸಲಿಲ್ಲ. ಹೆಚ್ಚು ಆಸೆಪಡಲೂ ಇಲ್ಲ. ಟರ್ನಿಪ್ ಬೆಳೆ ಎಲ್ಲಿ ಮುಗಿದಿತ್ತೋ ಅಲ್ಲೇ ಮೊದಲ ಗೂಟ ಹೊಡೆದರು. ಚೆಟ್ ಬಂದು ನೋಡಿದರು. ಬಗ್ಗಿ ಎರಡೂ ಕೈಯಿಂದ ಗೂಟ ಅಲ್ಲಾಡಿಸಿ ಕಿತ್ತರು. ಆಮೇಲೆ ಆರ್ಲಿಸ್ ಹೆಗಲ ಮೇಲೆ ಕೈಯಿಟ್ಟುಕೊಂಡು, ಒಂದೊಂದೇ ಹೆಜ್ಜೆ, ಇಳಿಜಾರಿಗೆ ಇಳಿದರು. ಸಾಕಷ್ಟು ಕೆಳಗೆ ಹೋಗಿ ನಿಂತು ಗೂಟವನ್ನು ಮಣ್ಣಿಗೆ ಊರಿದರು.

"ಟ್ರ್ಯಾಕ್ಟರ್ ತಿರುಗೋಕೆ ಜಾಗ ಬೇಡ್ವಾ? ಲಿಫ್ಟಿನ ಬಾಗಿಲು ತೆಗೆಯೋಕೆ ಜಾಗ ಬಿಡದೆ ಕಟ್ಟಡ ಕಟ್ಟೋರನ್ನ ಬೇಕಾದಷ್ಟು ನೋಡಿದೀನಿ ನಾನು. ಹೂಂ, ಸುತ್ತಿಗೆ ಕೊಡಿ."

ಟರ್ನಿಪ್ ಎರಡು ವರ್ಷ ಬೆಳೆದ ನೆಲದಲ್ಲಿ ಮೂರನೇ ವರ್ಷ ಬೆಳೆಯಬಾರದು, ಬೇರಿಗೆ ರೋಗ ಹತ್ತುತ್ತದೆ. ಹಾಗಾಗಿ ಮುಂದಿನ ಸಲ ಜಿಂಕೆಗಳಿಗೆ ಇಲ್ಲಿ ಬೇರೆ ಊಟ. ಆರ್ಲಿಸ್ ಗೂಟಗಳ ಸಾಲಿಗೆ ಕಣ್ಣಲ್ಲೇ ಅಳತೆ ಹಾಕುತ್ತಾರೆ.

"ಓಟ್ಸು, ಕ್ಲೋವರ್ ಮೇವು ಹಾಕ್ತೀನಿ. ಏಪ್ರಿಲ್‌ನಲ್ಲಿ ಮಣ್ಣು ಸ್ವಲ್ಪ ಆರಲಿ, ಅಷ್ಟೇ ನಾನು ಕೇಳ್ಕೊಳ್ಳೋದು. ಆ ಗೂಟದವರೆಗೂ ಹೋಗ್ತೀನಿ, ಅಲ್ಲಿ ಸಾವಕಾಶವಾಗಿ ಟ್ರ್ಯಾಕ್ಟರ್ ತಿರುಗಿಸ್ಕೊಂಡು ಬರ್ತೀನಿ."